ಇಡೀ ಟರ್ಕಿ ಕೋಳಿ ಮೊದಲ ಸಲ ಮಾಡುತ್ತಿದ್ದೇನೆ, ಮಾಡಿದವರು ಹೇಳಿ

ಕೇಳಿದವರು:
ಅಮೆರಿಕಕ್ಕೆ ಬಂದು ಎರಡು ವರ್ಷ. ಮುಂದಿನ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಊಟ ನಮ್ಮ ಮನೆಯಲ್ಲಿ, ಹತ್ತು ಜನ. 14 ಪೌಂಡಿನ ಟರ್ಕಿ ಫ್ರೀಜರ್‌ನಲ್ಲಿದೆ. ನಾಟಿಕೋಳಿ ಸಾರು ಕಣ್ಣು ಮುಚ್ಚಿ ಮಾಡುತ್ತೇನೆ, ಆದರೆ ಇಡೀ ಹಕ್ಕಿಯನ್ನು ಓವನ್‌ಗೆ ಇಟ್ಟವಳಲ್ಲ. ಎಲ್ಲಿಂದ ಶುರು ಮಾಡಲಿ?

ಡಲ್ಲಾಸ್‌ನಿಂದ:
ಫ್ರೀಜರ್‌ನಿಂದ ಹೊರಗೆ ತೆಗೆಯುವುದರಿಂದ! ತಮಾಷೆ ಅಲ್ಲ. ನಾನು ಮೊದಲ ವರ್ಷ ಮಂಗಳವಾರ ರಾತ್ರಿ ಫ್ರಿಜ್‌ಗೆ ಇಳಿಸಿದೆ. ಗುರುವಾರ ಬೆಳಿಗ್ಗೆ ಹೊಟ್ಟೆಯೊಳಗೆ ಕೈ ಹಾಕಿದರೆ ಬರೀ ಐಸು. ಒಳಗಿಟ್ಟಿದ್ದ ಕುತ್ತಿಗೆ ತುಂಡು ಕಲ್ಲಿನ ಹಾಗೆ ಅಂಟಿಕೊಂಡಿತ್ತು. ಎರಡು ಗಂಟೆಗೆ ಊಟ ಅಂದಿದ್ದು ರಾತ್ರಿ ಎಂಟಾಯಿತು. ಅಷ್ಟರಲ್ಲಿ ಬಂದವರೆಲ್ಲ ಚಿತ್ರಾನ್ನದಲ್ಲೇ ಹೊಟ್ಟೆ ತುಂಬಿಸಿಕೊಂಡಿದ್ದರು.

ಫ್ರಿಜ್‌ನಲ್ಲಿ ನಾಲ್ಕೈದು ಪೌಂಡಿಗೆ ಒಂದು ಪೂರ್ತಿ ದಿನ ಬೇಕು. ಇವತ್ತು ಶುಕ್ರವಾರ ತಾನೆ? ನಾಳೆ ಬೆಳಿಗ್ಗೆಯೇ ಅಗಲವಾದ ತಟ್ಟೆಯಲ್ಲಿಟ್ಟು ಕೆಳಗಿನ ಅರೆಗೆ ಸೇರಿಸಿ, ನೀರು ಸೋರುತ್ತದೆ. ತಡವಾದರೆ ಕವರ್ ಸಮೇತ ತಣ್ಣೀರಲ್ಲಿ ಮುಳುಗಿಸಬಹುದು: ಪೌಂಡಿಗೆ ಅರ್ಧ ಗಂಟೆ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಬೇಕು. 14 ಪೌಂಡಿಗೆ ಏಳು ಗಂಟೆ ಸಿಂಕ್ ಪಕ್ಕ ಕಾವಲು! ಅಡುಗೆ ಕಟ್ಟೆಯ ಮೇಲೆ ಮಾತ್ರ ಸುಮ್ನೆ ಇಡಬೇಡಿ.

ಮಂಗಳವಾರ ರಾತ್ರಿ ಹಕ್ಕಿಯ ಒಳಗೆ ಕುತ್ತಿಗೆ, ಲಿವರ್ ಹಾಕಿಟ್ಟಿರುವ ಪೊಟ್ಟಣ ತೆಗೆಯಿರಿ. ಹೊಟ್ಟೆ ಕಡೆ ಒಂದು, ಕುತ್ತಿಗೆ ಕಡೆ ಇನ್ನೊಂದು ಇರುತ್ತದೆ, ಎರಡೂ ಕಡೆ ನೋಡಿ. ಟಿಶ್ಯೂದಲ್ಲಿ ಒರೆಸಿ ಉಪ್ಪು ಸವರಿ. ಐದು ಪೌಂಡಿಗೆ ಒಂದು ದೊಡ್ಡ ಚಮಚ ಕೋಷರ್ ಉಪ್ಪು, ಅಂದರೆ ಇಲ್ಲಿ ಸಿಗುವ ದಪ್ಪ ಹರಳಿನ ಉಪ್ಪು. ಪುಡಿ ಉಪ್ಪಾದರೆ ಅದರ ಅರ್ಧ. ಮುಚ್ಚದೆ ಫ್ರಿಜ್‌ನಲ್ಲಿಡಿ. ಗುರುವಾರದ ಹೊತ್ತಿಗೆ ಚರ್ಮ ಒಣಗಿ ಕಾಗದದ ಹಾಗಾಗಿರುತ್ತದೆ. ಅದೇ ಬೇಕಾಗಿದ್ದು, ಗರಿಗರಿ ಬರೋದು ಅದರಿಂದಲೇ.

ಇನ್ನೊಂದು ಮಾತು. ಅರಿಶಿನ ಹಾಕಿ ನಾಲ್ಕು ನೀರಲ್ಲಿ ತೊಳೆಯುವ ನಮ್ಮ ಅಭ್ಯಾಸ ಇಲ್ಲಿ ಬೇಡ. ಇಷ್ಟು ದೊಡ್ಡ ಹಕ್ಕಿ ತೊಳೆದರೆ ಹಸಿ ಮಾಂಸದ ನೀರು ಸಿಂಕ್, ಪಾತ್ರೆ, ಪಕ್ಕದ ಸೊಪ್ಪಿಗೆಲ್ಲ ಹಾರುತ್ತದೆ. ನನ್ನ ಅತ್ತೆಗೆ ಇದನ್ನು ಒಪ್ಪಿಸಲು ಮೂರು ವರ್ಷ ಹಿಡಿಯಿತು.

ನ್ಯೂಜೆರ್ಸಿಯಿಂದ:
ಉಪ್ಪು ಸರಿ, ಆದರೆ ಬರೀ ಉಪ್ಪಾದರೆ ಸಪ್ಪೆ ಅಲ್ವಾ ಅಕ್ಕ? ನಾನು ಬೆಣ್ಣೆಗೆ ಮೆಣಸಿನ ಪುಡಿ, ಧನಿಯಾ, ಶುಂಠಿ ಬೆಳ್ಳುಳ್ಳಿ ಕಲಸಿ ಎದೆಯ ಚರ್ಮದ ಕೆಳಗೆ ಬೆರಳಿನಿಂದ ತಳ್ಳುತ್ತೇನೆ. ಚರ್ಮದ ಮೇಲೆ ಹಚ್ಚಬೇಡಿ. ಮೂರು ಗಂಟೆ ಓವನ್‌ನಲ್ಲಿದ್ದರೆ ಬೆಳ್ಳುಳ್ಳಿ ಕರಟಿ ಕಹಿಯಾಗುತ್ತದೆ, ನನಗಾಗಿದೆ.

ಫ್ರೀಮಾಂಟ್‌ನಿಂದ:
ಮಸಾಲೆ ಯಾವುದಾದರೂ ಹಾಕಿ, ಥರ್ಮಾಮೀಟರ್ ಮಾತ್ರ ಮರೆಯಬೇಡಿ. ಎದೆಯ ದಪ್ಪ ಭಾಗ, ತೊಡೆಯ ಒಳಭಾಗ ಎರಡೂ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು, ಅಂದರೆ 74 ಸೆಲ್ಸಿಯಸ್. ಮೂಳೆಗೆ ತಾಗಿಸಿದರೆ ತಪ್ಪು ತೋರಿಸುತ್ತದೆ. ಹಕ್ಕಿಗೇ ಚುಚ್ಚಿ ಬರುವ, ಬೆಂದಾಗ ಮೇಲೆದ್ದು ತೋರಿಸುವ ಪ್ಲಾಸ್ಟಿಕ್ ಕಡ್ಡಿಯೊಂದನ್ನೇ ನಂಬಬೇಡಿ. 325 ಡಿಗ್ರಿ ಓವನ್‌ನಲ್ಲಿ 14 ಪೌಂಡಿಗೆ ಮೂರರಿಂದ ಮೂರೂಮುಕ್ಕಾಲು ಗಂಟೆ, ಆಮೇಲೆ ಅರ್ಧ ಗಂಟೆ ಹಾಗೇ ಬಿಟ್ಟು ಕತ್ತರಿಸಿ.

ನಾನಂತೂ ಈಗ ಇಡೀದಾಗಿ ಮಾಡುವುದೇ ಇಲ್ಲ. ಗಟ್ಟಿ ಕತ್ತರಿಯಲ್ಲಿ ಬೆನ್ನುಮೂಳೆ ತೆಗೆದು, ಎದೆ ಮೇಲೆ ಅಂಗೈ ಒತ್ತಿದರೆ ಲಟಕ್ ಅಂತ ಚಪ್ಪಟೆಯಾಗುತ್ತದೆ. 425 ಡಿಗ್ರಿಯಲ್ಲಿ ಸುಮಾರು ಒಂದೂವರೆ ಗಂಟೆ ಸಾಕು. ಬೆನ್ನುಮೂಳೆ, ಕುತ್ತಿಗೆ ಮೆಣಸಿನ ಸಾರಿಗೆ. ಫೋಟೋಗೆ ಚೆಂದ ಕಾಣಲ್ಲ ಅಷ್ಟೇ.

ಕೇಳಿದವರು:
ಲೇಬಲ್ ಓದಿದೆ, ಮೊದಲೇ ಉಪ್ಪುನೀರು ಸೇರಿಸಿದ್ದಾರಂತೆ. ಮತ್ತೆ ಉಪ್ಪು ಸವರಬೇಕಾ?

ಡಲ್ಲಾಸ್‌ನಿಂದ:
ಅಯ್ಯೋ, ಬೇಡ! ಹೇಳಲು ಮರೆತಿದ್ದೆ. ಒರೆಸಿ ಮುಚ್ಚದೆ ಇಡಿ ಸಾಕು. ಮಸಾಲೆ ಬೆಣ್ಣೆಗೂ ಉಪ್ಪಿಲ್ಲದ ಬೆಣ್ಣೆಯೇ ಇರಲಿ. ಗ್ರೇವಿಗೆ ಕೊನೆಯಲ್ಲಿ ರುಚಿ ನೋಡಿ ಹಾಕಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಾಳೆವರೆಗೂ ಕಾಯದೆ ಈಗಲೇ ಫ್ರಿಜ್‌ಗೆ ಇಳಿಸಿದೆ. ದೋಸೆ ಹಿಟ್ಟಿನ ಡಬ್ಬಕ್ಕೆ ಜಾಗ ಇಲ್ಲ, ಹಾಗಾಗಿ ಇವತ್ತು ರಾತ್ರಿ ಎಲ್ಲರಿಗೂ ದೋಸೆ.