ನೆಲದ ಮೇಲೆ ಓಡಾಡುವ ‘ಬೀಟಲ್’ಗೆ ಕನ್ನಡದಲ್ಲಿ ಏನನ್ನೋಣ?

ತೀರ್ಥಹಳ್ಳಿಯಿಂದ:
ಹೆಬ್ಬೇವಿನ ತೋಟವೊಂದಕ್ಕೆ ಬೋರ್ಡು ಬರೆಸಬೇಕು. ಪೇಂಟರು ನಾಳೆ ಬೆಳಿಗ್ಗೆಯೇ ಬರುತ್ತಾರೆ. ಹಗಲು ತರಗೆಲೆ ಅಡಿ ಅಡಗಿದ್ದು, ರಾತ್ರಿ ಹೊರಬಂದು ಕಂಬಳಿಹುಳ, ಬಸವನಹುಳ ತಿನ್ನುವ ಕಪ್ಪು ಬೀಟಲ್‌ಗಳ ವಿಷಯ. ‘ಕಳೆ ನಿಯಂತ್ರಣದಿಂದ ನೆಲದ ದುಂಬಿಗಳಿಗೆ ಹಾನಿ’ ಎಂದು ಬರೆದಿದ್ದೇನೆ. ಸರಿ ಇದೆಯಾ?

ಬೆಂಗಳೂರಿನಿಂದ:
ದುಂಬಿ ತಪ್ಪು. ಮೂಲ ತುಂಬಿ. 10ನೇ ಶತಮಾನದ ಪಂಪನ ‘ಮರಿದುಂಬಿ’ಯಲ್ಲಿ ತ ಹೋಗಿ ದ ಬಂದಿದ್ದು ಆದೇಶ ಸಂಧಿಯಿಂದ. ಅದು ಬನವಾಸಿಯ ಹೂದೋಟದಲ್ಲಿ ಹಾರುವ ಹುಳ. ನೆಲಕ್ಕೂ ಅದಕ್ಕೂ ಸಂಬಂಧವಿಲ್ಲ. ಕೃಷಿ ಕರಪತ್ರಗಳು ಸಿಕ್ಕಿದ್ದಕ್ಕೆಲ್ಲ ದುಂಬಿ ಅಂದು ಪದ ಕೆಡಿಸಿವೆ. ಜೀರುಂಡೆ ಅನ್ನಿ, ಮುಗೀತು.

ಸಾಗರದಿಂದ:
ಮುಗಿಯಲಿಲ್ಲ. ನಮ್ಮ ಕಡೆ ಜೀರುಂಡೆ ಅಂದರೆ ಮರದಲ್ಲಿ ಕೂತು ಜೀರ್ ಅನ್ನುವುದು. ಬೋರ್ಡು ಓದಿದವರು ತಲೆ ಎತ್ತಿ ಮರ ನೋಡುತ್ತಾರೆ, ಕಾಲಡಿ ನೋಡುವುದಿಲ್ಲ. ಸುಮ್ನೆ ಬೀಟಲ್ ಅಂತಲೇ ಬರೆಯಿರಿ. ಕಳೆ ಕೊಲ್ಲುವ ಔಷಧಿಗೆ ಗ್ಲೈಫೋಸೇಟ್ ಅನ್ನಲು ಎಲ್ಲರೂ ಕಲಿತಿಲ್ವಾ?

ಬೆಂಗಳೂರಿನಿಂದ:
ಗ್ಲೈಫೋಸೇಟ್ ಅಂಗಡಿಯಿಂದ ಬಂತು, ಹೆಸರೂ ಡಬ್ಬದ ಜೊತೆಗೇ ಬಂತು. ಈ ಹುಳ ಮೊದಲಿನಿಂದಲೂ ನಮ್ಮ ಮಣ್ಣಿನಲ್ಲಿದೆ. ಇದಕ್ಕೂ ಹೆಸರು ಸಾಲ ತರಬೇಕಾ? ಒಪ್ಪಲಾರೆ.

ಹೊಸನಗರದಿಂದ:
ಹುಳದ ಹೆಸರಿಗೇ ಇಷ್ಟು ಜಗಳ. ‘ಕಳೆ ನಿಯಂತ್ರಣ’ ಯಾರಿಗೂ ಚುಚ್ಚಲಿಲ್ವಲ್ಲ! ನನಗೆ ಅದೇ ದೊಡ್ಡ ತಪ್ಪಾಗಿ ಕಾಣುತ್ತದೆ. ಕತ್ತಿಯಲ್ಲಿ ಸವರಿದರೆ ಕಳೆಯ ಬುಡ ಉಳಿಯುತ್ತದೆ. ಸವರಿದ ಸೊಪ್ಪು ಅಲ್ಲೇ ಬಿದ್ದು ನೆಲ ಮುಚ್ಚುತ್ತದೆ, ಹುಳಕ್ಕೆ ಅಡಗಲು ಜಾಗ ಇರುತ್ತದೆ. ಔಷಧಿ ಹೊಡೆದರೆ ಬೇರು ಸಮೇತ ಸತ್ತು ನೆಲ ಬೋಳಾಗುತ್ತದೆ. ಔಷಧಿ ನೇರವಾಗಿ ಹುಳಕ್ಕೆ ತಾಗುವುದಕ್ಕಿಂತ ಈ ಬೋಳು ನೆಲದ ಕಾಟವೇ ಜಾಸ್ತಿ. ನೆರಳು, ತಂಪು, ತಿನ್ನಲು ಸಿಗುವ ಸಣ್ಣ ಹುಳ, ಎಲ್ಲವೂ ಹೋಗುತ್ತವೆ. ಬಯಲಿನ ಬಿಸಿಲಿಗೆ ಒಗ್ಗಿದ ಕೆಲವು ಜಾತಿಯ ಬೀಟಲ್ ಹೆಚ್ಚುತ್ತವೆ, ಕಾಡಿನ ನೆರಳಿನವು ಕಡಿಮೆಯಾಗುತ್ತವೆ. ಇವುಗಳಲ್ಲಿ ಎಷ್ಟೋ ಜಾತಿಗೆ ಹಾರಲು ಬಾರದು. ಒಮ್ಮೆ ಹೋದರೆ ನಡೆದೇ ವಾಪಸ್ ಬರಬೇಕು.

ಸವರುವುದು, ಕೀಳುವುದು, ಔಷಧಿ ಹೊಡೆಯುವುದು ಮೂರನ್ನೂ ‘ನಿಯಂತ್ರಣ’ ಅಂದುಬಿಟ್ಟರೆ, ಕೆಲಸಕ್ಕೆ ಬಂದವರು ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು? ‘ಸವರಿ’ ಅಂತ ಬರೆಯಿರಿ. ಆ ಮಾತು ಇಲ್ಲಿ ಎಲ್ಲರ ಬಾಯಲ್ಲಿದೆ. ಹುಳಕ್ಕೆ ‘ಕರಿ ದುಂಬಿ’ ಸಾಕು. ಆದೇಶ ಸಂಧಿ ನನಗೂ ಗೊತ್ತು ಮಾರಾಯ್ರೇ. ಆದರೆ ಬೋರ್ಡು ಓದುವವರು ದುಂಬಿ ಎಂಬ ಪದ ಕಲಿತಿದ್ದು ಆ ಕರಪತ್ರಗಳಿಂದಲೇ, ಪಂಪನಿಂದ ಅಲ್ಲ.

ತೀರ್ಥಹಳ್ಳಿಯಿಂದ:
ಎಲ್ಲರಿಗೂ ಧನ್ಯವಾದ. ಹೀಗೆ ಬರೆಸುತ್ತೇನೆ: ‘ಕಳೆ ಸವರಿ, ಔಷಧಿ ಹೊಡೆಯಬೇಡಿ. ತರಗೆಲೆ ಅಡಿ ಕರಿ ದುಂಬಿ ಇದೆ. ಕಂಬಳಿಹುಳ ತಿನ್ನುತ್ತದೆ.’

ಬೆಂಗಳೂರಿನಿಂದ:
‘ಸವರಿ’ ಚೆನ್ನಾಗಿದೆ. ದುಂಬಿಗೆ ನನ್ನ ಒಪ್ಪಿಗೆ ಇಲ್ಲ.