ಫೋರ್ಕ್‌ಲಿಫ್ಟ್ ಕಂಟ್ರೋಲರ್: ಸುಟ್ಟ ಒಂದು ಮಾಸ್‌ಫೆಟ್ ಮಾತ್ರ ಬದಲಿಸಿದರೆ ಸಾಕಾ?

ಪ್ರಶ್ನೆ: ನಮಸ್ಕಾರ ಸರ್. 48 ವೋಲ್ಟ್ ಬ್ಯಾಟರಿ ಫೋರ್ಕ್‌ಲಿಫ್ಟ್, ಡಿಸಿ ಸೀರೀಸ್ ಮೋಟಾರ್. ಪೆಡಲ್ ಒತ್ತಿದರೆ ಕಾಂಟ್ಯಾಕ್ಟರ್ (ಬ್ಯಾಟರಿ ಜೋಡಿಸುವ ದೊಡ್ಡ ಸ್ವಿಚ್) ಎಳೆಯುವುದೇ ಇಲ್ಲ. ಮೋಟಾರಿನ ವೇಗ ನಿಯಂತ್ರಿಸುವ ಕಂಟ್ರೋಲರ್ ಬಿಚ್ಚಿದೆ. ಸಾಲಾಗಿ 12 ಮಾಸ್‌ಫೆಟ್ (ಕರೆಂಟ್ ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್) ಇವೆ, ಒಂದು ಒಡೆದು ಕಪ್ಪಾಗಿದೆ. ಅದೊಂದನ್ನೇ ಹಾಕಿದರೆ ಸಾಕಾ? ಅದೇ ನಂಬರಿನದು ಈಗ ಸಿಗುತ್ತಿಲ್ಲ. ಜಾಸ್ತಿ ಆಂಪಿಯರ್‌ನದು ಹಾಕಿ ಅಂತ ಅಂಗಡಿಯವರು ಹೇಳುತ್ತಾರೆ.

ಉತ್ತರ: ಸಾಲದು, ಹನ್ನೆರಡನ್ನೂ ಬದಲಿಸಿ. ಎಲ್ಲವೂ ಪ್ಯಾರಲಲ್‌ನಲ್ಲಿವೆ. ಒಂದು ಸುಟ್ಟಾಗ ಅದರ ಗೇಟ್ (ಆನ್-ಆಫ್ ಮಾಡಿಸುವ ಕಾಲು) ಮೂಲಕ ಬ್ಯಾಟರಿ ವೋಲ್ಟೇಜ್ ಉಳಿದವುಗಳ ಗೇಟಿಗೂ ನುಗ್ಗಿರಬಹುದು. ಗೇಟ್ ತಾಳುವುದು ಸಾಮಾನ್ಯವಾಗಿ 20 ವೋಲ್ಟ್ ಅಷ್ಟೇ. ಅರ್ಧ ಸತ್ತ ಮಾಸ್‌ಫೆಟ್ ಮೀಟರಿನಲ್ಲಿ ಸರಿ ಅಂತ ತೋರಿಸುತ್ತದೆ, ಲೋಡ್ ಎತ್ತಿದ ದಿನ ಕೈ ಕೊಡುತ್ತದೆ.

ಇನ್ನು ಆಂಪಿಯರ್. ಡೇಟಾಶೀಟಿನ (ಕಂಪನಿ ಕೊಡುವ ವಿವರ ಪತ್ರ) ಮೊದಲ ಪುಟದ ಆಂಪಿಯರ್ ನಂಬಿ ಕೊಳ್ಳಬೇಡಿ, ಅದು ಮಾಸ್‌ಫೆಟ್‌ನ ಕೇಸ್ (ಹೊರಮೈ) 25 ಡಿಗ್ರಿಯಲ್ಲಿದ್ದಾಗಿನ ಲೆಕ್ಕ. ಮೊದಲು ವೋಲ್ಟೇಜ್ ನೋಡಿ. ಚಾರ್ಜಿಂಗಿನಿಂದ ಆಗಷ್ಟೇ ಬಿಚ್ಚಿದ 48 ವೋಲ್ಟ್ ಬ್ಯಾಟರಿ 50 ದಾಟಿಯೇ ಇರುತ್ತದೆ, ಆಫ್ ಆಗುವಾಗಿನ ಸ್ಪೈಕ್ (ಕ್ಷಣಮಾತ್ರ ಏರುವ ವೋಲ್ಟೇಜ್) ಬೇರೆ. ಹಳೆಯದು 100 ವೋಲ್ಟಿನದಾದರೆ 75ಕ್ಕೆ ಇಳಿಯಬೇಡಿ. ಆಮೇಲೆ ಗೇಟ್ ಚಾರ್ಜ್, ಅಂದರೆ ಆನ್ ಮಾಡಲು ಗೇಟಿಗೆ ತುಂಬಬೇಕಾದ ಚಾರ್ಜ್. ಅದು ತುಂಬಾ ಜಾಸ್ತಿ ಇದ್ದರೆ ಹಳೆ ಡ್ರೈವರ್ (ಗೇಟಿಗೆ ಸಿಗ್ನಲ್ ಕೊಡುವ ಸರ್ಕ್ಯೂಟ್) ಮಾಸ್‌ಫೆಟ್ಟನ್ನು ನಿಧಾನವಾಗಿ ಆನ್-ಆಫ್ ಮಾಡುತ್ತದೆ, ಪ್ರತಿ ಸಲವೂ ಬಿಸಿ. ಲಾಜಿಕ್ ಲೆವೆಲ್ (ಗೇಟಿನ ಕಡಿಮೆ ವೋಲ್ಟೇಜಿಗೇ ಆನ್ ಆಗುವ) ಮಾದರಿ ಬೇಡವೇ ಬೇಡ, ಸ್ವಲ್ಪ ಎಲೆಕ್ಟ್ರಿಕಲ್ ಗದ್ದಲಕ್ಕೇ ಆನ್ ಆಗಿಬಿಡುತ್ತದೆ.

ಹನ್ನೆರಡೂ ಒಂದೇ ಬ್ಯಾಚ್‌ದು ಇರಲಿ. ಪೂರ್ತಿ ಆನ್ ಆಗಿರುವಾಗ ಕರೆಂಟ್ ಹಂಚಿಕೊಳ್ಳುತ್ತವೆ, ಬಿಸಿಯಾದದ್ದರ ರೆಸಿಸ್ಟೆನ್ಸ್ ಏರುತ್ತದಲ್ವಾ. ತೊಂದರೆ ಇರುವುದು ಆನ್-ಆಫ್ ಆಗುವ ಕ್ಷಣದಲ್ಲಿ. ಗೇಟ್ ಥ್ರೆಶೋಲ್ಡ್ (ಆನ್ ಆಗಲು ಶುರುವಾಗುವ ಗೇಟ್ ವೋಲ್ಟೇಜ್) ಕಮ್ಮಿ ಇರುವುದು ಎಲ್ಲರಿಗಿಂತ ಮೊದಲು ಆನ್, ಕೊನೆಗೆ ಆಫ್. ಪಾಪ, ಒಂದೇ ಭಾರ ಹೊರುತ್ತದೆ.

ಪ್ರಶ್ನೆ (ಇನ್ನೊಬ್ಬರು): ಸರ್, ನಕಲಿ ಮಾಲು ಕಂಡುಹಿಡಿಯೋದು ಹೇಗೆ?

ಉತ್ತರ: ಮೇಲಿನ ಪ್ರಿಂಟ್ ನೋಡಿ ಗೊತ್ತಾಗಲ್ಲ. ಗೇಟಿಗೆ 10 ವೋಲ್ಟ್ ಕೊಟ್ಟು, ಡ್ರೈನ್-ಸೋರ್ಸ್ (ಕರೆಂಟ್ ಹರಿಯುವ ಎರಡು ಕಾಲು) ನಡುವೆ 10 ಆಂಪಿಯರ್ ಹರಿಸಿ, ಕಾಲುಗಳ ಬುಡದಲ್ಲೇ ಮೀಟರ್ ಇಟ್ಟು ವೋಲ್ಟೇಜ್ ಡ್ರಾಪ್ ಅಳೆಯಿರಿ. 8 ಮಿಲಿಓಮ್‌ನದು ಅಂದರೆ ಸುಮಾರು 80 ಮಿಲಿವೋಲ್ಟ್ ಬರಬೇಕು. 300 ಬಂತಾ, ವಾಪಸ್ ಕೊಡಿ.

ಪ್ರಶ್ನೆ (ಮೊದಲಿನವರು): ಥ್ಯಾಂಕ್ಸ್ ಸರ್. ಹಾಕಿದ ಮೇಲೆ ನೇರ ಬ್ಯಾಟರಿ ಕೊಡಬಹುದಾ?

ಉತ್ತರ: ಅವಸರ ಬೇಡ. ಸುಮ್ನೆ ಯಾವುದೂ ಸುಡುವುದಿಲ್ಲ, ಕಾರಣ ಹುಡುಕಿ. ಗೇಟ್ ರೆಸಿಸ್ಟರ್, ಡ್ರೈವರ್, ಉಬ್ಬಿದ ಕೆಪಾಸಿಟರ್, ಫ್ರೀವೀಲ್ ಡಯೋಡ್ (ಮಾಸ್‌ಫೆಟ್ ಆಫ್ ಆದಾಗ ಮೋಟಾರಿನ ಕರೆಂಟಿಗೆ ದಾರಿ ಕೊಡುವ ಡಯೋಡ್) ಎಲ್ಲ ನೋಡಿ. ಕೈ ಹಾಕುವ ಮೊದಲು ಬ್ಯಾಟರಿ ಪ್ಲಗ್ ಕಿತ್ತು, ಕೆಪಾಸಿಟರನ್ನು ಬಲ್ಬ್ ಮೂಲಕ ಖಾಲಿ ಮಾಡಿ, ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡಬೇಡಿ. ಮೊದಲ ಸಲ ಬ್ಯಾಟರಿ ಸಪ್ಲೈ ಕೊಡುವುದು ಸೀರೀಸ್‌ನಲ್ಲಿ ಹಾಕಿದ ಬಲ್ಬ್ ಮೂಲಕ. ಡ್ರೈವ್ ಚಕ್ರ ನೆಲ ಬಿಟ್ಟು ಬ್ಲಾಕ್ ಮೇಲಿರಲಿ. ಮಾಸ್‌ಫೆಟ್ ಶಾರ್ಟ್ ಆದರೆ ಮೋಟಾರಿಗೆ ಪೂರ್ತಿ ಬ್ಯಾಟರಿ ಸಿಕ್ಕಿ ಗಾಡಿ ನುಗ್ಗಿಬಿಡುತ್ತದೆ.

ಪ್ರಶ್ನೆ: ಡಯೋಡ್ ಎರಡೂ ಕಡೆ ಶಾರ್ಟ್ ತೋರಿಸುತ್ತಿದೆ ಸರ್!

ಉತ್ತರ: ಮೋಟಾರ್ ಕೇಬಲ್ ಬಿಚ್ಚಿದ್ದೀರಾ? ಡಯೋಡ್ ಮೋಟಾರಿಗೆ ಅಡ್ಡಲಾಗಿ ಕೂತಿದೆ, ವೈಂಡಿಂಗ್ ಮೀಟರಿಗೆ ಶಾರ್ಟ್ ಥರಾನೇ ಕಾಣುತ್ತದೆ. ಬಿಚ್ಚಿದ ಮೇಲೂ ಹಾಗೇ ಇದ್ದರೆ ಸುಡೋಕೆ ಅದೇ ಕಾರಣ ಇರಬಹುದು. ಅದರ ಜಾಗಕ್ಕೆ ಫಾಸ್ಟ್ ರಿಕವರಿ (ಬೇಗ ಆಫ್ ಆಗುವ) ಡಯೋಡನ್ನೇ ಹಾಕಿ. ನಿಧಾನವಾಗಿ ಆಫ್ ಆಗುವ ಮಾಮೂಲಿ ರೆಕ್ಟಿಫೈಯರ್ ಡಯೋಡ್ ಹಾಕಿದರೆ ಹೊಸ ಹನ್ನೆರಡೂ ಹೋಗುತ್ತವೆ.