ರೆಡ್ ಸ್ಟೇಟ್ ಸಿನಿಮಾ ಪಿಯುಸಿ ತಮ್ಮನ ಜೊತೆ ನೋಡಬಹುದಾ? ನೋಡಿದೋರು ಹೇಳಿ

ದಾವಣಗೆರೆಯಿಂದ ಕೇಳ್ತಿದೀನಿ. ತಮ್ಮ ಸೆಕೆಂಡ್ ಪಿಯುಸಿ, ಹಾರರ್ ಅಂದ್ರೆ ಪ್ರಾಣ. 2011ರಲ್ಲಿ ಬಂದ ಕೆವಿನ್ ಸ್ಮಿತ್ ಸಿನಿಮಾ ರೆಡ್ ಸ್ಟೇಟ್ ನೋಡೋಣ ಅಂತ ಹಠ ಹಿಡ್ದಾನೆ. ದೇವರ ಹೆಸರಲ್ಲಿ ಕೊಲ್ಲೋರ ಕಥೆಯಂತೆ. ತೋರಿಸ್ಲಾ ಬೇಡ್ವಾ?

ಹಾಲ್‌ನಲ್ಲಿ ಅಪ್ಪ ಅಮ್ಮನ ಮುಂದೆ ಮಾತ್ರ ಹಾಕ್ಬೇಡಿ. ಮೂರು ಹುಡುಗ್ರು ಆನ್‌ಲೈನ್‌ನಲ್ಲಿ ಸಿಕ್ಕ ಹೆಂಗಸನ್ನ ಹುಡುಕ್ಕೊಂಡು ಹೋಗೋದ್ರಿಂದ್ಲೇ ಗಂಡಾಂತರ ಶುರು, ಆ ಮಾತುಗಳು ಕೇಳೋಕಾಗಲ್ಲ. ಅಮೇರಿಕದಲ್ಲೂ ಆರ್ ರೇಟಿಂಗ್, ಅಂದ್ರೆ 17 ತುಂಬದೋರು ದೊಡ್ಡೋರ ಜೊತೆ ಮಾತ್ರ ನೋಡ್ಬೇಕು.

ನಾನು ಚಿತ್ರದುರ್ಗದೋನು, ಅಕ್ಕನ ಮಗನ ಜೊತೆ ನೋಡಿದೀನಿ, ಅವನಿಗೂ ಆಗ 17. ದೆವ್ವ ಯಾವಾಗ ಬರುತ್ತೆ ಮಾಮ ಅಂತ ಕೇಳ್ತಾನೇ ಇದ್ದ, ಇದ್ರಲ್ಲಿ ದೆವ್ವಾನೇ ಇಲ್ಲ. ಮೈಕೆಲ್ ಪಾರ್ಕ್ಸ್ ಮಾಡಿರೋ ಏಬಿನ್ ಕೂಪರ್ ಅನ್ನೋ ಪಾದ್ರಿ ಐದಾನಲ್ಲ, ನೋಡೋಕೆ ನಮ್ ಮನೆ ಅಜ್ಜನ ಥರ, ಹಾಡ್ತಾನೆ, ನಗ್‌ನಗ್ತಾ ಪ್ರವಚನ ಹೇಳ್ತಾನೆ, ಮಕ್ಕಳು ಮೊಮ್ಮಕ್ಕಳು ಕೂತು ತಲೆದೂಗ್ತಾರೆ, ಅಲ್ಲೇ ಪಂಜರದಲ್ಲಿ ಆ ಮೂರು ಹುಡುಗ್ರಲ್ಲಿ ಒಬ್ಬ ನಡುಗ್ತಾ ಇರ್ತಾನೆ, ನಂಗೆ ಹೊಟ್ಟೇಲಿ ಕಲಸಿದಂಗಾಯ್ತು. ಅಲ್ಲಿಗೆ ನಮ್ ಹುಡುಗ ಸಪ್ಪಗಾಗಿ "ಇಷ್ಟ್ ಜನದಲ್ಲಿ ಒಬ್ರೂ ಯಾಕೆ ಎದ್ದು ಹೋಗಲ್ಲ" ಅಂದ. ಸಿನಿಮಾ ನಿಲ್ಲಿಸಿ ಅರ್ಧ ಗಂಟೆ ಮಾತಾಡಿದ್ವಿ, ಚಿಕ್ಕಂದಿನಿಂದ ಅದೊಂದೇ ದನಿ ಕೇಳಿದೋರಿಗೆ ಎದ್ದು ಹೋಗೋ ಬಾಗ್ಲು ಎಲ್ಲೈತೆ ಅಂತಾನೇ ಕಾಣಲ್ಲ ಕಣೋ ಅಂದೆ. ಒಬ್ಬನೇ ಮೊಬೈಲಲ್ಲಿ ನೋಡೋಕೆ ಬಿಡ್ಬೇಡಿ, ಪಕ್ಕದಲ್ಲಿ ಕೂತ್ಕೊಳಿ.

ಮೇಲಿನೋರು ಹೇಳಿದ್ದು ನಿಜ, ಆದ್ರೆ ಹಿನ್ನೆಲೆ ಮೊದ್ಲೇ ಹೇಳಿ. ಆ ಪಾದ್ರಿಗೆ ಮಾದರಿ ಅಮೇರಿಕದ ಕಾನ್ಸಾಸ್‌ನ ಟೊಪೀಕಾದಲ್ಲಿರೋ ವೆಸ್ಟ್‌ಬರೋ ಬ್ಯಾಪ್ಟಿಸ್ಟ್ ಚರ್ಚ್‌ನ ಫ್ರೆಡ್ ಫೆಲ್ಪ್ಸ್. ಆ ಚರ್ಚ್‌ನೋರು ಸತ್ತ ಸೈನಿಕರ ಅಂತ್ಯಕ್ರಿಯೆ ಹತ್ರಾನೂ ದ್ವೇಷದ ಬೋರ್ಡ್ ಹಿಡ್ಕೊಂಡು ನಿಲ್ತಿದ್ರು, ಕೊಲೆ ಮಾಡಿದೋರಲ್ಲ. ಬಂದೂಕು, ಮುತ್ತಿಗೆ ಭಾಗ ನೋಡಿದ್ರೆ 1993ರಲ್ಲಿ ಟೆಕ್ಸಾಸ್‌ನ ವೇಕೋದಲ್ಲಿ ಆಗಿದ್ದೇ ನೆನಪಾಗುತ್ತೆ, ಒಂದು ಧಾರ್ಮಿಕ ಪಂಗಡದೋರು ಇದ್ದ ಜಾಗಕ್ಕೆ ಸರ್ಕಾರದೋರು 51 ದಿನ ಮುತ್ತಿಗೆ ಹಾಕಿ ಕೊನೆಗೆ ಬೆಂಕಿ, ಒಳಗಿದ್ದ ಮಕ್ಕಳೂ ಸತ್ರು. ಸಿನಿಮಾದಲ್ಲೂ ಒಳಗಿರೋ ಯಾರನ್ನೂ ಉಳಿಸ್ಬೇಡಿ ಅಂತ ಮೇಲಿಂದ ಆರ್ಡರ್ ಬರುತ್ತೆ, ಮುತ್ತಿಗೆ ಹಾಕೋ ಅಧಿಕಾರಿ ಪಾತ್ರ ಮಾಡಿರೋ ಜಾನ್ ಗುಡ್‌ಮನ್ ಮುಖ ನೋಡ್ಬೇಕು ಆಗ. ಕ್ರಿಶ್ಚಿಯನ್ನರೆಲ್ಲ ಹಿಂಗೇ ಅಂತ ಹುಡುಗನ ತಲೇಲಿ ಕೂರಬಾರ್ದು, ಸಿನಿಮಾದಲ್ಲೇ ಊರಿನೋರು ಇವರನ್ನ ಹತ್ರ ಸೇರಿಸಲ್ಲ, ಅದನ್ನ ತೋರ್ಸಿ.

ಸಬ್‌ಟೈಟಲ್ ಹಾಕ್ಕೊಳಿ ಮರೀದೆ. ಪ್ರವಚನ ಉದ್ದ ಐತೆ ಅಂತ ಓಡಿಸ್ಬೇಡಿ, ಆ ಪಾದ್ರಿ ಎಷ್ಟು ನಯವಾಗಿ ವಿಷ ಹಾಕ್ತಾನೆ ಅನ್ನೋದು ಆ ಮಾತಲ್ಲೇ ಇರೋದು.